ನಂದಿನಿ ಬಡಾವಣೆಯಲ್ಲೊಂದು ಭಾನುವಾರ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ನೆಲೆಸಿರುವ ನಮ್ಮಂಥವರಿಗೆ ತುಮಕೂರು ರಸ್ತೆಯೆಂದರೆ ತವರಿನ ದಾರಿ ಇದ್ದ ಹಾಗೆ. ಗೊರಗುಂಟೆಪಾಳ್ಯವನ್ನು ದಾಟಿದರೆ ಮುಂದೆ ನೆಲಮಂಗಲ, ತುಮಕೂರು, ಸಿದ್ಧಗಂಗೆ. ಅದರಾಚೆಗೆ ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ. ಮಠಕ್ಕೆ, ಮದುವೆಗೆ, ಜಾತ್ರೆಗೆ ಹೊರಟವರೆಲ್ಲ ಈ ಕೂಡುರಸ್ತೆಯನ್ನು ಹಾದೇ ಹೋಗಬೇಕು. ಹೀಗೆ ನೂರಾರು ಬಾರಿ ಹಾದುಹೋಗಿದ್ದರೂ, ಎಡಕ್ಕೆ ಹೊರಳಿ ವರ್ತುಲ ರಸ್ತೆಗೆ ಇಳಿದು ನಂದಿನಿ ಲೇಔಟಿನ ಬೀದಿಗಳಲ್ಲಿ ನಿಧಾನವಾಗಿ ನಡೆಯುವ ಅವಕಾಶ ನನಗೆ ಒದಗಿಬಂದದ್ದು ಕಳೆದ ಕಾರ್ತಿಕ ಮಾಸದ ಒಂದು ಭಾನುವಾರ. ಅಂದು ನಾನು ಹೋದದ್ದು ಬಂಧುಗಳ ಮನೆಗಲ್ಲ, ಗುಡಿಗೂ ಅಲ್ಲ. ಮೈಮೇಲಿನ ಮಚ್ಚೆ, ಗಂಟು, ಹುಣ್ಣುಗಳನ್ನೂ ಬಾಯಿಯ ಒಳಭಾಗವನ್ನೂ ಉಚಿತವಾಗಿ ಪರೀಕ್ಷಿಸುವ ಒಂದು ಸಣ್ಣ ಶಿಬಿರದಲ್ಲಿ, ಬಂದವರ ಹೆಸರು ಬರೆದುಕೊಳ್ಳುವ ಕೆಲಸಕ್ಕಾಗಿ.

ಈ ಕೆಲಸವನ್ನು ನಾನು ಒಪ್ಪಿಕೊಂಡದ್ದಕ್ಕೆ ಒಂದು ಹಿನ್ನೆಲೆಯುಂಟು. ನನ್ನ ಸೋದರತ್ತೆ ಎಳವೆಯಲ್ಲಿ ಬಚ್ಚಲೊಲೆಯ ಬೆಂಕಿಗೆ ಸಿಲುಕಿ ಮೊಣಕಾಲಿನ ಕೆಳಗೆ ಸುಟ್ಟುಕೊಂಡಿದ್ದರು. ಗಾಯ ಮಾಯಿತು, ಕಲೆ ಉಳಿಯಿತು. ಮಕ್ಕಳು ಮೊಮ್ಮಕ್ಕಳಾದ ಮೇಲೆ ಅದೇ ಕಲೆಯ ನಡುವೆ ಒಂದು ಹುಣ್ಣು ಬಾಯಿ ಬಿಟ್ಟಿತು. ಅರಿಸಿನ ಹಚ್ಚಿದರು, ಬೇವಿನೆಣ್ಣೆ ಸವರಿದರು, ಬಟ್ಟೆ ಸುತ್ತಿ ಸೀರೆಯ ಅಂಚಿನಲ್ಲಿ ಮರೆಮಾಡಿದರು. ಎರಡು ವರ್ಷ ಮನೆಯ ಯಾರಿಗೂ ಹೇಳಲಿಲ್ಲ. ತಿಳಿಯುವ ವೇಳೆಗೆ ಅದು ಮೂಳೆಯನ್ನು ಮುಟ್ಟಿತ್ತು, ಕಾಲನ್ನು ತೆಗೆಯಬೇಕಾಯಿತು, ಆ ಬಳಿಕ ಅವರು ಹೆಚ್ಚು ಕಾಲ ಬದುಕಲಿಲ್ಲ. ಹಬ್ಬಕ್ಕೊಮ್ಮೆ ನಾವೆಲ್ಲ ಬಾಗಿ ಮುಟ್ಟಿ ನಮಸ್ಕರಿಸುತ್ತಿದ್ದ ಪಾದಗಳು ಅವು. ಹುಣ್ಣು ಅಲ್ಲಿಂದ ಒಂದು ಗೇಣು ಮೇಲಿತ್ತು. ನಮ್ಮಲ್ಲಿ ಒಬ್ಬರೂ ನೋಡಲಿಲ್ಲ.

ದಾರಿಯಲ್ಲಿ ಕಂಡದ್ದು

ಗೊರಗುಂಟೆಪಾಳ್ಯದ ಮೆಟ್ರೋ ನಿಲ್ದಾಣ 2014ರ ಮಾರ್ಚ್ 1ರಂದು ತೆರೆದದ್ದು. ಅದರ ಮೆಟ್ಟಿಲಿಳಿದು ನಿಂತರೆ ಒಂದು ಕಡೆಗೆ ಪೀಣ್ಯದ ಕಾರ್ಖಾನೆಗಳು, ಮತ್ತೊಂದು ಕಡೆಗೆ ಯಶವಂತಪುರದ ಮಾರುಕಟ್ಟೆ ಪ್ರಾಂಗಣ. ಇವೆರಡರ ನಡುವೆ, ತುಮಕೂರು ರಸ್ತೆಗೆ ಹೊಂದಿಕೊಂಡಂತೆ, ಕೆ.ಎಲ್.ಇ. ಸಂಸ್ಥೆಯ ದಂತ ವೈದ್ಯಕೀಯ ಮಹಾವಿದ್ಯಾಲಯವಿದೆ. 1916ರಲ್ಲಿ ಬೆಳಗಾವಿಯಲ್ಲಿ ಒಂದು ಶಾಲೆಯಾಗಿ ಆರಂಭಗೊಂಡ ಕೆ.ಎಲ್.ಇ. ಸಂಸ್ಥೆಯ ಕಥೆ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ಅದನ್ನು ಕಟ್ಟಿದ ಏಳು ಮಂದಿಯನ್ನು ಸಪ್ತರ್ಷಿಗಳೆಂದು ನಾವು ಇಂದಿಗೂ ನೆನೆಯುತ್ತೇವೆ. ಆದರೆ ಬೆಂಗಳೂರಿನ ಈ ಕಾಲೇಜಿನ ವೈದ್ಯರು ಮಾಡಿದ ಒಂದು ಕೆಲಸ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಇಲ್ಲಿಯ ಡಾ. ಪ್ರವೀಣ್ ಬೀರೂರು ಅವರೂ ಬೊಮ್ಮಸಂದ್ರದ ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರದ ಡಾ. ಮೋನಿ ಅಬ್ರಹಾಂ ಕುರಿಯಾಕೋಸ್ ಅವರೂ ತಮ್ಮ ಸಂಗಡಿಗರೊಡನೆ, ಬಾಯಿಯ ಕ್ಯಾನ್ಸರನ್ನು ಮೊಬೈಲ್ ದೂರವಾಣಿಯ ನೆರವಿನಿಂದ ಮೊದಲ ಹಂತದಲ್ಲೇ ಗುರುತಿಸುವ ಪ್ರಯೋಗ ನಡೆಸಿದರು. ಆರೋಗ್ಯ ಕಾರ್ಯಕರ್ತೆ ಮನೆಯ ಬಾಗಿಲಿಗೆ ಹೋಗುತ್ತಾಳೆ, ಬಾಯಿಯ ಒಳಗಿನ ಚಿತ್ರವನ್ನು ತೆಗೆಯುತ್ತಾಳೆ, ಅದು ದೂರದ ತಜ್ಞರ ಕೈಸೇರುತ್ತದೆ, ಅವರು ನೋಡಿ ಅಭಿಪ್ರಾಯ ತಿಳಿಸುತ್ತಾರೆ. 2015ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ 3,440 ಜನರನ್ನು ಪರೀಕ್ಷಿಸಿದ ವಿವರವಿದೆ. ಆ ವರದಿಯ ಒಂದು ಅಂಕಿ ನನ್ನನ್ನು ಬಹಳವಾಗಿ ಕಾಡಿತು. ಅದನ್ನು ಮುಂದೆ ಹೇಳುತ್ತೇನೆ.

ಕೂಡುರಸ್ತೆಯಿಂದ ವರ್ತುಲ ರಸ್ತೆಯನ್ನು ಹಿಡಿದು ತುಸು ನಡೆದರೆ ಕಂಠೀರವ ಸ್ಟುಡಿಯೋ. ಡಾ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ನಿಧನರಾದಾಗ ಅವರನ್ನು ಮಣ್ಣು ಮಾಡಿದ್ದು ಇಲ್ಲಿಯೇ. 2021ರ ಅಕ್ಟೋಬರ್ ಕೊನೆಯಲ್ಲಿ ಪುನೀತ್ ರಾಜ್‌ಕುಮಾರ್ ಅವರೂ ತಂದೆತಾಯಿಗಳ ಸಮೀಪದಲ್ಲೇ ಮಲಗಿದರು. ತಂದೆ, ಮಗ ಇಬ್ಬರ ಕಣ್ಣುಗಳೂ ದಾನವಾಗಿ ಸಂದವು. ಪುನೀತ್ ಅವರ ಕಣ್ಣುಗಳಿಂದ ರಾಜಾಜಿನಗರದ ನಾರಾಯಣ ನೇತ್ರಾಲಯದ ವೈದ್ಯರು ನಾಲ್ವರಿಗೆ ದೃಷ್ಟಿ ಕೊಟ್ಟರು. ಅಂದು ಬೆಳಿಗ್ಗೆಯೂ ಸಮಾಧಿಯ ಬಳಿ ಹೂವು ಹಿಡಿದವರ ಸಾಲು ಇತ್ತು. ಬಡಾವಣೆಯ ಒಳಗೆ ಹೊರಳಿದೊಡನೆ ವಾಹನಗಳ ಗದ್ದಲ ಹಿಂದೆ ಉಳಿಯುತ್ತದೆ. ಏರುತಗ್ಗಿನ ಬೀದಿಗಳು, ಮನೆಯ ಮುಂದಿನ ರಂಗೋಲಿ, ಮೇಲ್ಮನೆಯ ಗಿರಾಣಿಯಿಂದ ಇಳಿಯುವ ಹಿಟ್ಟಿನ ವಾಸನೆ. ಒಂದು ಬೀದಿಯಲ್ಲಿ ನಿವೃತ್ತ ನೌಕರರ ಎರಡಂತಸ್ತಿನ ಮನೆಗಳಾದರೆ, ಲಗ್ಗೆರೆಯ ಕಡೆಗೆ ಇಳಿದಂತೆ ಒಂದೊಂದೇ ಕೋಣೆಯ ಬಾಡಿಗೆ ಮನೆಗಳ ಸಾಲು. ವಿಜಯಪುರ, ಕಲಬುರಗಿ, ರಾಯಚೂರುಗಳಿಂದ ಕೆಲಸ ಅರಸಿ ಬಂದ ಕುಟುಂಬಗಳು ಆ ಸಾಲುಗಳಲ್ಲಿವೆ. ಗಂಡಸರು ಪೀಣ್ಯದ ಲೇತ್ ಯಂತ್ರಗಳಿಗೆ, ಮಾರುಕಟ್ಟೆಯ ಹಮಾಲಿಗೆ. ಹೆಂಗಸರು ಗಾರ್ಮೆಂಟ್ಸಿಗೆ, ಮನೆಗೆಲಸಕ್ಕೆ.

ಶಿಬಿರದ ಅಂಗಳ

ಶಿಬಿರವನ್ನು ಏರ್ಪಡಿಸಿದವರು ದೊಡ್ಡ ಸಂಸ್ಥೆಯವರೇನಲ್ಲ. ಬಡಾವಣೆಯ ಕೆಲವು ಗೃಹಿಣಿಯರು, ಇಬ್ಬರು ನಿವೃತ್ತ ಶಿಕ್ಷಕಿಯರು, ದಂತ ವೈದ್ಯಕೀಯ ಓದುತ್ತಿರುವ ನಾಲ್ಕಾರು ಹುಡುಗಹುಡುಗಿಯರು, ನಿವೃತ್ತ ಚರ್ಮರೋಗ ತಜ್ಞರೊಬ್ಬರು ಮತ್ತು ಒಬ್ಬ ತರುಣ ವೈದ್ಯೆ. ಸಮುದಾಯ ಭವನದ ಅಂಗಳದಲ್ಲಿ ಮೂರು ಮೇಜು, ಹೆಂಗಸರ ಪರೀಕ್ಷೆಗೆ ಸೀರೆ ಕಟ್ಟಿದ ಮರೆ, ಕಿಟಕಿಯ ಬೆಳಕಿಗೆ ಎದುರಾಗಿ ಹಾಕಿದ ಎರಡು ಕುರ್ಚಿ, ಟಾರ್ಚು, ಭೂತಗನ್ನಡಿ, ಕೈಗವಸು. ಒಳಗೆ ಬಂದವರಿಗೆಲ್ಲ ಬೆಲ್ಲದ ಪಾನಕ. ಇಷ್ಟೇ ಸಲಕರಣೆ.

ಕರಪತ್ರದಲ್ಲಿ ಮೊದಲು “ಉಚಿತ ಕ್ಯಾನ್ಸರ್ ತಪಾಸಣೆ” ಎಂದು ಅಚ್ಚು ಹಾಕಿಸಿದ್ದರಂತೆ. ಮನೆಮನೆಗೆ ಹಂಚಲು ಹೋದಾಗ, ಆ ಕಾಗದವನ್ನು ಕೈಯಲ್ಲಿ ಹಿಡಿಯಲೂ ಜನ ಹಿಂಜರಿದರು. “ಬೆಳಗಾಗೆದ್ದು ಆ ಹೆಸರು ಯಾಕಮ್ಮ” ಎಂದು ಬಾಗಿಲು ಹಾಕಿಕೊಂಡವರೂ ಉಂಟು. ಅನಂತರ “ಚರ್ಮ ಮತ್ತು ಬಾಯಿ ತಪಾಸಣೆ” ಎಂದು ಬೇರೆ ಹಾಳೆ ಮಾಡಿಸಿದರು. ಪೀಣ್ಯದ ಪಾಳಿ ಬಿಡುವ ಹೊತ್ತಿಗೆ, ನೀರಿನ ಟ್ಯಾಂಕರು ಬರುವ ಹೊತ್ತಿಗೆ, ಸೋಮವಾರದ ಪೂಜೆ ಮುಗಿದು ಹೆಂಗಸರು ಗುಡಿಯ ಕಟ್ಟೆಯ ಮೇಲೆ ಕುಳಿತ ಹೊತ್ತಿಗೆ ಹೋಗಿ ಮಾತನಾಡಿದರು. ಆಗ ಜನ ಬಂದರು.

ಸಾಲು ಸೇರುವ ಮೊದಲು ಹಿರಿಯ ವೈದ್ಯರು ನಮಗೆ, ಎಂದರೆ ಸ್ವಯಂಸೇವಕರಿಗೆ, ಅರ್ಧ ಗಂಟೆ ಪಾಠ ಹೇಳಿದರು. ಅದರ ಸಾರವನ್ನು ಇಲ್ಲಿ ಕೊಡುವುದು ಉಚಿತವೆಂದು ತೋರುತ್ತದೆ.

ಚರ್ಮದ ಕ್ಯಾನ್ಸರು ನಮ್ಮ ನಾಡಿನಲ್ಲಿ ವಿರಳ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ನಮ್ಮ ಕಪ್ಪು, ಕಂದು ಬಣ್ಣವೇ ನಮಗೆ ಕೊಡೆ. ಬಿಳಿಯ ಜನರೇ ಹೆಚ್ಚಾಗಿರುವ ಆಸ್ಟ್ರೇಲಿಯದಲ್ಲಿ ಎಪ್ಪತ್ತರ ವಯಸ್ಸಿನೊಳಗೆ ಮೂವರಲ್ಲಿ ಇಬ್ಬರಿಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರು ಕಾಣಿಸಿಕೊಳ್ಳುತ್ತದೆ. ಅಂಗಿ ತೊಡಿ, ಲೇಪ ಹಚ್ಚಿ, ಟೊಪ್ಪಿಗೆ ಹಾಕಿ ಎಂದು ಅಲ್ಲಿ 1981ರಿಂದ ಮಕ್ಕಳಿಗೆ ಹಾಡು ಕಟ್ಟಿ ಕಲಿಸುತ್ತ ಬಂದಿದ್ದಾರೆ. ನಮಗೆ ಆ ಪ್ರಮಾಣದ ಭಯವಿಲ್ಲ. “ಆದರೆ ಭಯವಿಲ್ಲದ ಕಡೆ ನೋಡುವ ಅಭ್ಯಾಸವೂ ಇರುವುದಿಲ್ಲ. ನಮ್ಮಲ್ಲಿ ಬರುವ ಕೆಲವೇ ರೋಗಿಗಳು ಬಹಳ ತಡವಾಗಿ ಬರುತ್ತಾರೆ” ಎಂದರು ವೈದ್ಯರು.

ಅಲ್ಲದೆ ನಮ್ಮಲ್ಲಿ ಅದು ಬರುವ ಜಾಗಗಳೂ ಬೇರೆ. ಬಹುಕಾಲದ ಹುಣ್ಣು, ಹಳೆಯ ಸುಟ್ಟ ಕಲೆ, ಸದಾ ಉಜ್ಜುವ ಎಡೆ, ಅಂಗಾಲು, ಅಂಗೈ, ಉಗುರಿನ ಕೆಳಗು. ಹಳೆಯ ಗಾಯದ ಕಲೆಯಲ್ಲಿ ಹುಟ್ಟುವ ಈ ಹುಣ್ಣಿಗೆ, 1828ರಲ್ಲಿ ಅಂಥ ಹುಣ್ಣುಗಳನ್ನು ವಿವರಿಸಿದ ಫ್ರಾನ್ಸಿನ ಶಸ್ತ್ರವೈದ್ಯ ಮಾರ್ಜೊಲಿನ್ ಅವರ ಹೆಸರನ್ನೇ ಇಟ್ಟಿದ್ದಾರೆ. ಸುಟ್ಟ ಮೇಲೆ ಇಪ್ಪತ್ತು, ಮೂವತ್ತು ವರ್ಷ ಕಳೆದೂ ಅದು ಬರಬಹುದು. ನನ್ನ ಅತ್ತೆಯ ಕಾಲಿನಲ್ಲಿದ್ದುದು ಯಾವುದೆಂದು ಇಷ್ಟು ವರ್ಷಗಳ ಬಳಿಕ ನನಗೆ ಹೆಸರಿನೊಡನೆ ತಿಳಿದದ್ದು ಆ ಅಂಗಳದಲ್ಲಿ. ಕಾಶ್ಮೀರದಲ್ಲಿ ಚಳಿಗೆ ಫೆರನ್ನಿನ ಒಳಗೆ ಕೆಂಡದ ಕಾಂಗ್ಡಿಯನ್ನು ಹಿಡಿದು ಕೂರುವವರಿಗೆ ಹೊಟ್ಟೆ, ತೊಡೆಗಳ ಮೇಲೆ ಇದೇ ಬಗೆಯ ಕ್ಯಾನ್ಸರು ಬರುವುದನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಸೀರೆ ಉಡುವ ನಾಡಿನಲ್ಲಿ ಅದಕ್ಕೆ ಸಮನಾದ ಜಾಗವೆಂದರೆ ಸೊಂಟ. ಲಂಗದ ಲಾಡಿಯನ್ನು ಒಂದೇ ಗೆರೆಯ ಮೇಲೆ ದಶಕಗಟ್ಟಲೆ ಬಿಗಿದು ಕಟ್ಟುವುದರಿಂದ ಅಲ್ಲಿ ಚರ್ಮ ಕಪ್ಪಾಗುತ್ತದೆ, ಒರಟಾಗುತ್ತದೆ, ಬೆವರಿನಿಂದ ಕೆರೆತ ಬಂದು ಸುಲಿಯುತ್ತದೆ. ಬಹಳ ಮಂದಿಗೆ ಅಷ್ಟಕ್ಕೇ ನಿಲ್ಲುತ್ತದೆ. ಅಪರೂಪಕ್ಕೆ ಕೆಲವರಲ್ಲಿ ಮಾಯದ ಹುಣ್ಣಾಗಿ, ಹುಣ್ಣು ಕ್ಯಾನ್ಸರಾಗುತ್ತದೆ. ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು 2024ರಲ್ಲಿ ಇಂಥ ಇಬ್ಬರು ಮಹಿಳೆಯರ ವಿವರಗಳನ್ನು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಇಬ್ಬರೂ ಎಪ್ಪತ್ತರ ಆಸುಪಾಸಿನವರು. ಇಬ್ಬರೂ ಒಂದು ವರ್ಷಕ್ಕೂ ಹೆಚ್ಚು ಕಾಲ ಹುಣ್ಣನ್ನು ಹೊತ್ತು ತಿರುಗಿದವರು. ಒಬ್ಬರಿಗೆ ಅದು ಆಗಲೇ ದುಗ್ಧಗ್ರಂಥಿಗೆ ಹರಡಿತ್ತು.

ಕಾರ್ಖಾನೆಯ ಕೆಲಸಗಾರರ ವಿಚಾರವನ್ನೂ ವೈದ್ಯರು ಮರೆಯಲಿಲ್ಲ. ಕಸುಬಿನಿಂದ ಕ್ಯಾನ್ಸರು ಬರಬಹುದೆಂದು ಲೋಕಕ್ಕೆ ಮೊದಲು ತೋರಿಸಿಕೊಟ್ಟದ್ದೇ ಚರ್ಮದ ಕ್ಯಾನ್ಸರು. ಲಂಡನ್ನಿನ ಹೊಗೆಗೂಡುಗಳ ಒಳಗೆ ಇಳಿದು ಮಸಿ ಗುಡಿಸುತ್ತಿದ್ದ ಬಡ ಹುಡುಗರಿಗೆ ಮುಂದೆ ಪ್ರಾಯದಲ್ಲಿ ತೊಡೆಸಂದಿನ ಬಳಿ ಹುಣ್ಣು ಏಳುವುದನ್ನು 1775ರಲ್ಲಿ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯರು ಬರೆದಿಟ್ಟರು. ಸರಿಯಾಗಿ ಸಂಸ್ಕರಿಸದ ಖನಿಜ ತೈಲಕ್ಕೂ ಅಂಥದೇ ದೋಷವಿದೆ. ಆದ್ದರಿಂದ ಯಂತ್ರದ ಎಣ್ಣೆಯಲ್ಲಿ ತೊಯ್ದ ಬಟ್ಟೆಯನ್ನು ಮನೆಯವರೆಗೆ ತೊಟ್ಟು ಬರಬೇಡಿ, ಕೈಯನ್ನು ಸೀಮೆಎಣ್ಣೆಯಿಂದ ತೊಳೆಯಬೇಡಿ, ಸೋಪು ಹಚ್ಚಿ ತೊಳೆಯಿರಿ ಎಂದು ಪೀಣ್ಯದಿಂದ ಬಂದ ಪ್ರತಿಯೊಬ್ಬನಿಗೂ ಅವರು ಅಂದು ಹೇಳುತ್ತಲೇ ಇದ್ದರು.

ಬಾಯಿಯ ಮೇಜಿನ ಬಳಿ ಸಾಲು ಇನ್ನೂ ಉದ್ದವಾಗಿತ್ತು. ಬಾಯಿಯ ಒಳಮೈಯೂ ಒಂದು ಬಗೆಯ ಚರ್ಮವೇ. ಮೈಯ ಹೊರಚರ್ಮ ಬಿಸಿಲಿಗೆ ಸೋಲದ ನಮ್ಮ ಜನರ ಒಳಚರ್ಮ ತಂಬಾಕಿಗೆ ಸೋತಿದೆ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾವನ್ನು ನಿಷೇಧಿಸಿದರೂ, ಅಡಿಕೆ ಪುಡಿಯ ಪೊಟ್ಟಣ ಬೇರೆ, ತಂಬಾಕಿನ ಪೊಟ್ಟಣ ಬೇರೆ ಆಗಿ ಅಂಗಡಿಗಳಲ್ಲಿ ನೇತಾಡಿದವು. ಕೊಂಡವನು ಅಂಗೈಯಲ್ಲಿ ಎರಡನ್ನೂ ಬೆರೆಸಿದ. ಟಾರ್ಚಿನ ಬೆಳಕಿನಲ್ಲಿ ಕೆನ್ನೆಯ ಒಳಭಾಗವನ್ನು ನೋಡುವುದು ಅತಿ ಸರಳವಾದ ಪರೀಕ್ಷೆ. ತಿರುವನಂತಪುರದ ಕ್ಯಾನ್ಸರ್ ಕೇಂದ್ರದವರು 1996ರಿಂದ ಹದಿಮೂರು ಪಂಚಾಯಿತಿಗಳಲ್ಲಿ ನಡೆಸಿದ ದೊಡ್ಡ ಅಧ್ಯಯನದಲ್ಲಿ, ಮನೆಮನೆಗೆ ಹೋಗಿ ಬಾಯಿ ನೋಡಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಪದವೀಧರರು. ಹಾಗೆ ನೋಡಿದ ಊರುಗಳಲ್ಲಿ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರು ಬಾಯಿಯ ಕ್ಯಾನ್ಸರಿನಿಂದ ಸಾಯುವ ಪ್ರಮಾಣ ಮೂರನೇ ಒಂದು ಪಾಲಿನಷ್ಟು ತಗ್ಗಿತೆಂದು 2005ರಲ್ಲಿ ವರದಿಯಾಯಿತು. ನಮ್ಮಂಥವರ ಕಣ್ಣಿಗೂ ಜೀವ ಉಳಿಸುವ ಶಕ್ತಿಯುಂಟು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಲಾಡಿಯ ಗಾಯ

ಹನ್ನೊಂದರ ಹೊತ್ತಿಗೆ ಲಗ್ಗೆರೆಯ ಕಡೆಯಿಂದ ಒಬ್ಬ ಅಜ್ಜಿ ಮೂರು ವರ್ಷದ ಮೊಮ್ಮಗನನ್ನು ಸೊಂಟದ ಮೇಲೆ ಹೊತ್ತು ಬಂದರು. ಅವರು ಬಂದದ್ದು ಮಗುವಿನ ತಲೆಯ ಕಜ್ಜಿ ತೋರಿಸಲು. ಮಗುವನ್ನು ಎಡಗಡೆಗೇ ಹೊತ್ತಿದ್ದರು. ಬಲಗಡೆಗೆ ಬದಲಿಸಲು ಹೋಗಿ ಮುಖ ಕಿವುಚಿದ್ದು ತರುಣ ವೈದ್ಯೆಯ ಕಣ್ಣಿಗೆ ಬಿತ್ತು. ಮರೆಯ ಹಿಂದೆ ಕರೆದುಕೊಂಡು ಹೋಗಿ ನೋಡಿದರೆ, ಬಲಸೊಂಟದಲ್ಲಿ ಲಾಡಿಯ ಗೆರೆಯ ಮೇಲೆ ರೂಪಾಯಿಯಗಲದ ಹುಣ್ಣು. ಅಂಚು ದಡಸಾಗಿ ಎದ್ದಿತ್ತು.

“ಅದು ಲಾಡಿ ಗಾಯ ಅಕ್ಕಾರ. ನಮ್ಮವ್ವಗೂ ಇತ್ತು, ನನಗೂ ಐತಿ. ಅದಕ್ಕ ಡಾಕ್ಟರು ಯಾಕ?” ಎಂದರು ಅಜ್ಜಿ.

“ಎಷ್ಟು ದಿನ ಆಯಿತವ್ವಾ?”

“ಹ್ವಾದ ವರ್ಷ ನಾಗರ ಪಂಚಮಿ ಮುಂದ ಆಗಿತ್ತು ನೋಡ್ರಿ.”

ಹದಿನೈದು ತಿಂಗಳು ದಾಟಿತ್ತು. ಸಣ್ಣ ಚೂರು ತೆಗೆದು ಪರೀಕ್ಷಿಸಬೇಕು, ಮಂಗಳವಾರ ಆಸ್ಪತ್ರೆಗೆ ಬರಬೇಕು ಎಂದು ವೈದ್ಯೆ ಚೀಟಿ ಬರೆದುಕೊಟ್ಟರು. ಅಜ್ಜಿ ಚೀಟಿಯನ್ನು ಮಡಚಿ ಎಲೆಅಡಿಕೆಯ ಸಂಚಿಯೊಳಗೆ ಇಟ್ಟುಕೊಂಡರು. ಆ ದಿನ ಚೀಟಿ ಪಡೆದವರು ಅವರೊಬ್ಬರೇ ಅಲ್ಲ. ಯಶವಂತಪುರದ ಹಮಾಲರೊಬ್ಬರ ಕೆನ್ನೆಯೊಳಗೆ ಬಿಳಿಯ ಪೊರೆ ಕಂಡಿತು. ಇಪ್ಪತ್ತರ ಹುಡುಗನೊಬ್ಬನ ತೋಳಿನ ಮೇಲೆ ಸ್ಪರ್ಶವೇ ತಿಳಿಯದ ಮಸುಕು ಮಚ್ಚೆ ಇತ್ತು. ಅದು ಕ್ಯಾನ್ಸರಲ್ಲ, ಕುಷ್ಠದ ಆರಂಭವಿರಬಹುದು, ಔಷಧ ಉಚಿತವಾಗಿ ಸಿಗುತ್ತದೆ, ಪೂರ್ಣ ಗುಣವಾಗುತ್ತದೆ ಎಂದು ಹಿರಿಯ ವೈದ್ಯರು ಅವನ ಹೆಗಲ ಮೇಲೆ ಕೈಯಿಟ್ಟೇ ಹೇಳಿದರು. ಉಳಿದ ಬಹುಪಾಲು ಜನ ಹುಳುಕಡ್ಡಿಗೆ, ನರಹುಲಿಗೆ, ತೊನ್ನಿನ ಕಲೆಗೆ ಸಲಹೆ ಪಡೆದು ನೆಮ್ಮದಿಯಿಂದ ಹಿಂತಿರುಗಿದರು. ತೊನ್ನು ಅಂಟುವ ರೋಗವಲ್ಲ, ಕುಷ್ಠವೂ ಅಲ್ಲ ಎಂಬ ಒಂದು ಮಾತನ್ನು ಕೇಳಿಯೇ ಕಣ್ಣೊರೆಸಿಕೊಂಡ ತಾಯಿಯೊಬ್ಬಳನ್ನು ಅಂದು ನೋಡಿದೆ. ಅವಳ ಮಗಳಿಗೆ ವರನನ್ನು ಹುಡುಕುತ್ತಿದ್ದರು.

ಮಂಗಳವಾರ ಹಮಾಲರು ಬಂದರು, ಹುಡುಗ ಬಂದ. ಅಜ್ಜಿ ಬರಲಿಲ್ಲ.

ಆಗ ನನಗೆ ಕೆ.ಎಲ್.ಇ. ವೈದ್ಯರ ವರದಿಯ ಆ ಅಂಕಿ ನೆನಪಾಯಿತು. ಅವರ ಪ್ರಯೋಗದಲ್ಲಿ ಎರಡು ಗುಂಪುಗಳಿದ್ದವು. ಒಂದು ಗುಂಪನ್ನು ದಂತ ವೈದ್ಯರೇ ಪರೀಕ್ಷಿಸಿದರು. ಮತ್ತೊಂದು ಗುಂಪನ್ನು ಆರೋಗ್ಯ ಕಾರ್ಯಕರ್ತೆಯರು ಹುಡುಕಿಕೊಂಡು ಹೋಗಿ ನೋಡಿದರು. ಚೂರು ತೆಗೆಸಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳಿಸಿಕೊಂಡವರಲ್ಲಿ ಮೊದಲ ಗುಂಪಿನ 83 ಮಂದಿಯಲ್ಲಿ 61 ಮಂದಿ ಮಾಡಿಸಿಕೊಂಡರು. ಎರಡನೆಯ ಗುಂಪಿನ 23 ಮಂದಿಯಲ್ಲಿ ಮಾಡಿಸಿಕೊಂಡವರು ಒಬ್ಬರು. ಬಾಗಿಲಿಗೆ ಬಂದವರಿಗೆ ಬಾಯಿ ತೆರೆದು ತೋರಿಸಿದ ಜನ, ಬಾಗಿಲು ದಾಟಿ ಮುಂದಿನ ಹೆಜ್ಜೆ ಇಡಲಿಲ್ಲ. ವರದಿಯನ್ನು ಓದಿದಾಗ, ಅವರಿಗೆ ತಿಳಿವಳಿಕೆ ಸಾಲದೆಂದು ನಾನು ಎಣಿಸಿದ್ದೆ.

ಬುಧವಾರ ಸಂಜೆ ನಿವೃತ್ತ ಶಿಕ್ಷಕಿಯೊಬ್ಬರೊಡನೆ ಅಜ್ಜಿಯ ಮನೆ ಹುಡುಕಿಕೊಂಡು ಹೋದೆ. ಒಂದು ಕೋಣೆ, ಗೋಡೆಗೆ ಬಸವಣ್ಣನವರ ಪಟ, ಗೂಡಿನಲ್ಲಿ ವಿಭೂತಿಯ ಗಟ್ಟಿ. ಅಜ್ಜಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರು. ಯಾಕೆ ಬರಲಿಲ್ಲವೆಂದು ಕೇಳಿದ್ದಕ್ಕೆ ಅವರು ಮಗುವಿನ ಕಡೆ ಕೈ ತೋರಿಸಿದರು.

“ಇವನ್ನ ಯಾರ ಹತ್ರ ಬಿಟ್ಟು ಬರ್ಲಿ? ಸೊಸಿ ಗಾರ್ಮೆಂಟ್ಸಿಗೆ ಹೋಗ್ತಾಳ, ಮಗ ಪೀಣ್ಯಾಕ್ಕ. ಒಂದಿನ ತಪ್ಪಿದ್ರ ಪಗಾರ ಹಿಡೀತಾರ. ದವಾಖಾನಿ ಅಂದ್ರ ಒಂದಿನಕ್ಕ ಮುಗೀತೈತೇನ್ರಿ?”

ಅವರಿಗೆ ತಿಳಿವಳಿಕೆಯ ಕೊರತೆ ಇರಲಿಲ್ಲ. ಹುಣ್ಣು ಒಳ್ಳೆಯದಲ್ಲವೆಂದು ನಮಗಿಂತ ಮೊದಲೇ ಅವರಿಗೆ ಅನುಮಾನವಿತ್ತು. ಅವರಿಗೆ ಇಲ್ಲದಿದ್ದುದು ಮಗುವನ್ನು ಹಿಡಿದುಕೊಳ್ಳುವ ಒಂದು ಜೊತೆ ಕೈ. ಶಿಬಿರಕ್ಕೆ ನಾವು ವೈದ್ಯರನ್ನು ಒದಗಿಸಿದ್ದೆವು, ಟಾರ್ಚು ಒದಗಿಸಿದ್ದೆವು, ಪಾನಕವನ್ನೂ ಒದಗಿಸಿದ್ದೆವು, ಇದೊಂದನ್ನು ಯೋಚಿಸಿರಲಿಲ್ಲ. ಶಿಕ್ಷಕಿಯವರು ಅಲ್ಲೇ ಹೇಳಿದರು, “ಅವ್ವಾ, ನಾಳೆ ಮಗು ನಮ್ಮ ಮನೆಯಲ್ಲಿರಲಿ. ನನಗೂ ಹೊತ್ತು ಹೋಗುವುದಿಲ್ಲ. ಇವರು ನಿಮ್ಮ ಜೊತೆ ಬರುತ್ತಾರೆ.” ಅಜ್ಜಿ ತುಸು ಹೊತ್ತು ಸುಮ್ಮನಿದ್ದು, “ಅಂವ ಹಾಲು ಕುಡಿಯೂದಿಲ್ರಿ, ಅನ್ನ ಮೊಸರು ಉಣ್ತಾನ” ಎಂದರು. ಅದೇ ಒಪ್ಪಿಗೆ.

ಮರುದಿನ ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಹೋದೆವು. ಚೀಟಿಯ ಸಾಲು, ರಕ್ತದ ಸಾಲು, ವೈದ್ಯರ ಸಾಲು. ಮಧ್ಯಾಹ್ನ ಅಜ್ಜಿ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ, ಶೇಂಗಾ ಚಟ್ನಿಯನ್ನು ನನ್ನ ಕೈಗಿಟ್ಟರು. ಹತ್ತು ದಿನಗಳ ಬಳಿಕ ಬಂದ ವರದಿಯಲ್ಲಿ, ಚರ್ಮದ ಕ್ಯಾನ್ಸರು ಎಂದಿತ್ತು. ಆಳಕ್ಕೆ ಇಳಿದಿರಲಿಲ್ಲ, ಬೇರೆಡೆಗೆ ಹರಡಿರಲಿಲ್ಲ. ಸುತ್ತಲಿನ ಒಳ್ಳೆಯ ಚರ್ಮವನ್ನೂ ಸ್ವಲ್ಪ ಸೇರಿಸಿ ಕತ್ತರಿಸಿ ತೆಗೆದು ಹೊಲಿಗೆ ಹಾಕಿದರು. ಈ ಎಲ್ಲಕ್ಕೆ ಅವರು ಒಟ್ಟು ಆರು ಬಾರಿ ಆಸ್ಪತ್ರೆಗೆ ಹೋಗಬೇಕಾಯಿತು. ಆರು ಬಾರಿಯೂ ಮಗು ಶಿಕ್ಷಕಿಯವರ ಮನೆಯಲ್ಲಿತ್ತು. ಜೊತೆಗೆ ಹೋಗುವ ಪಾಳಿಯನ್ನು ನಾವು ನಾಲ್ವರು ಹಂಚಿಕೊಂಡೆವು. ವೈದ್ಯರ ವಿದ್ಯೆಯನ್ನು ನಾವು ಕಲಿಯಲಾರೆವು. ಆದರೆ ಮಗುವನ್ನು ಹಿಡಿಯುವುದು, ಸಾಲಿನಲ್ಲಿ ನಿಲ್ಲುವುದು, ಬಸ್ಸಿನಲ್ಲಿ ಜೊತೆಗೆ ಕೂರುವುದು ಯಾರಿಗೂ ಆಗದ ಕೆಲಸವಲ್ಲ. ದಾಸೋಹವೆಂದರೆ ಅನ್ನದ ಪಂಕ್ತಿ ಮಾತ್ರವೆಂದು ತಿಳಿದಿದ್ದ ನನಗೆ ಅದರ ಇನ್ನೊಂದು ಮುಖ ಆ ಬಸ್ಸುಗಳಲ್ಲಿ ಕಂಡಿತು.

ಸುಮನಹಳ್ಳಿಯ ಹಾದಿ

ಶಿಬಿರದ ಹುಡುಗನ ವಿಷಯವನ್ನು ಹೇಳದಿದ್ದರೆ ಈ ಬರಹ ಪೂರ್ಣವಾಗದು. ನಂದಿನಿ ಲೇಔಟಿನಿಂದ ವರ್ತುಲ ರಸ್ತೆಯಲ್ಲಿ ದಕ್ಷಿಣಕ್ಕೆ ಹೋದರೆ ಮಾಗಡಿ ರಸ್ತೆ ಸೇರುವಲ್ಲಿ ಸುಮನಹಳ್ಳಿ. ಇಂದು ಅದು ಮೇಲ್ಸೇತುವೆಯ ಹೆಸರು, ಬಸ್ ನಿಲ್ದಾಣದ ಹೆಸರು. ನಿರ್ವಾಹಕರು ದಿನಕ್ಕೆ ನೂರು ಬಾರಿ ಕೂಗುತ್ತಾರೆ. ಆ ಹೆಸರು ಬಂದದ್ದು 1970ರ ದಶಕದ ಕೊನೆಯಲ್ಲಿ ಕುಷ್ಠರೋಗಿಗಳಿಗಾಗಿ ಅಲ್ಲಿ ತಲೆಯೆತ್ತಿದ ಪುನರ್ವಸತಿ ಕೇಂದ್ರದಿಂದ. ಮನೆಯವರು ಹೊರಹಾಕಿದವರಿಗೆ ಅಲ್ಲಿ ಚಿಕಿತ್ಸೆ ದೊರೆಯಿತು, ಕೈಕಸುಬು ದೊರೆಯಿತು, ವಾಸಕ್ಕೆ ನೆಲೆ ದೊರೆಯಿತು. ಹಿಂದೆ ಜನ ಆ ಕಡೆಗೆ ಮುಖ ಹಾಕಲು ಅಂಜುತ್ತಿದ್ದರು. ಈಗ ಸುತ್ತ ನಗರವೇ ಬೆಳೆದು ನಿಂತಿದೆ.

ಚರ್ಮದ ಮಚ್ಚೆಯನ್ನು ಹುಡುಕಿಕೊಂಡು ಮನೆಮನೆಗೆ ಹೋಗುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಅದನ್ನು ಕಲಿಸಿದ್ದೇ ಕುಷ್ಠ. ರೋಗದ ಜೀವಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿ ಕಂಡುಹಿಡಿದರು. ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ 1980ರ ದಶಕದಲ್ಲಿ ಬಂದಿತು. ಮಚ್ಚೆ ಕಡಿಮೆಯಿದ್ದವರಿಗೆ ಆರು ತಿಂಗಳು, ಹೆಚ್ಚಿದ್ದವರಿಗೆ ಒಂದು ವರ್ಷ. ಹತ್ತು ಸಾವಿರಕ್ಕೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಮಟ್ಟವನ್ನು ದೇಶ 2005ರ ಡಿಸೆಂಬರಿನಲ್ಲಿ ಮುಟ್ಟಿತು. ಆದರೂ ರೋಗ ಪೂರ್ತಿ ಹೋಗಿಲ್ಲವಾದ್ದರಿಂದ 2016ರಿಂದ ಆಶಾ ಕಾರ್ಯಕರ್ತೆಯೊಬ್ಬಳೂ ಒಬ್ಬ ಪುರುಷ ಸ್ವಯಂಸೇವಕನೂ ಜೊತೆಯಾಗಿ ಮನೆಗಳಿಗೆ ಹೋಗಿ, ಅವಳು ಹೆಂಗಸರನ್ನು, ಅವನು ಗಂಡಸರನ್ನು ಪರೀಕ್ಷಿಸುವ ಅಭಿಯಾನ ನಡೆಯಿತು. ಹುಡುಗನ ಮಚ್ಚೆ ಕುಷ್ಠದ್ದೇ ಎಂದು ಖಚಿತವಾಯಿತು. ಅವನು ಮಾತ್ರೆ ನುಂಗುತ್ತಿದ್ದಾನೆ, ಕೆಲಸಕ್ಕೂ ಹೋಗುತ್ತಿದ್ದಾನೆ. ಒಂದೆರಡು ತಲೆಮಾರಿನ ಹಿಂದೆ ಅವನು ಮನೆ ಬಿಡಬೇಕಾಗುತ್ತಿತ್ತು.

ಮನೆಗಳಲ್ಲಿ ಮಾಡಬೇಕಾದದ್ದು

ಎಲ್ಲ ಬಡಾವಣೆಗೂ ಶಿಬಿರ ಬರಲಾರದು. ಆದರೆ ಪ್ರತಿ ಮನೆಗೂ ಯುಗಾದಿ, ದೀಪಾವಳಿಗಳ ಎಣ್ಣೆಸ್ನಾನ ಬರುತ್ತದೆ. ಅಂದು ಹಿರಿಯರ ಬೆನ್ನಿಗೆ, ಕಾಲಿಗೆ ಎಣ್ಣೆ ತಿಕ್ಕುವ ಕೈಗಳು ಕಣ್ಣನ್ನೂ ಜೊತೆಗೆ ಕರೆದುಕೊಂಡು ಹೋಗಲಿ. ನಾಲ್ಕು ವಾರ ಕಳೆದರೂ ಮಾಯದ ಹುಣ್ಣು, ಹಳೆಯ ಸುಟ್ಟ ಕಲೆಯಲ್ಲಿ ಎದ್ದ ಹೊಸ ಗಾಯ, ಬಣ್ಣವೋ ಆಕಾರವೋ ಬದಲಾದ ಮಚ್ಚೆ, ಅಂಗಾಲಿನಲ್ಲಿ ಹೊಸದಾಗಿ ಮೂಡಿದ ಕಪ್ಪು ಕಲೆ, ಏಟು ಬೀಳದೆಯೇ ಉಗುರಿನ ಕೆಳಗೆ ಕಂಡ ಕಪ್ಪು ಗೆರೆ, ಸ್ಪರ್ಶವಿಲ್ಲದ ಮಸುಕು ಮಚ್ಚೆ, ಕೆನ್ನೆಯ ಒಳಗಿನ ಬಿಳಿ ಅಥವಾ ಕೆಂಪು ಪೊರೆ — ಇವುಗಳಲ್ಲಿ ಒಂದು ಕಂಡರೂ ವೈದ್ಯರಿಗೆ ತೋರಿಸಬೇಕು. ಬಹುಪಾಲು ಏನೂ ಆಗಿರುವುದಿಲ್ಲ. ತಾಯಂದಿರು ಲಂಗದ ಲಾಡಿಗೆ ದಾರದ ಬದಲು ಅಗಲ ಪಟ್ಟಿ ಹೊಲಿಸಿಕೊಳ್ಳಲಿ, ಗಂಟಿನ ಜಾಗವನ್ನು ಆಗಾಗ ಬದಲಿಸಲಿ, ರಾತ್ರಿ ಸಡಿಲ ಬಟ್ಟೆ ಉಡಲಿ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಿದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಹೋಗಲು ಜಾಗವಿದೆ, ಜೊತೆಗೆ ಹೋಗುವವರು ಬೇಕು.

ಮಾಘ ಮಾಸದಲ್ಲಿ ನಂದಿನಿ ಲೇಔಟಿನಲ್ಲಿ ಮತ್ತೊಂದು ಶಿಬಿರ ನಡೆಯಿತು. ಈ ಬಾರಿ ಅಂಗಳದ ಮೂಲೆಯಲ್ಲಿ ಒಂದು ಜಮಖಾನೆ ಹಾಸಿ, ನಾಲ್ಕು ಆಟಿಕೆ ಇಟ್ಟು, ಮಕ್ಕಳನ್ನು ನೋಡಿಕೊಳ್ಳಲು ಇಬ್ಬರನ್ನು ಕೂರಿಸಿದ್ದರು. ಅವರಲ್ಲೊಬ್ಬರು ಆ ಅಜ್ಜಿ. ನನ್ನನ್ನು ಕಂಡೊಡನೆ, “ಶರಣ್ರಿ ಅಕ್ಕಾರ” ಎಂದು ಎರಡು ಕೈ ಎತ್ತಿದರು. ನಾನು ಬಾಗಿ ಅವರ ಪಾದಗಳನ್ನು ಮುಟ್ಟಿದೆ. ಈ ಸಲ ಕಣ್ಣು ತೆರೆದೇ ಮುಟ್ಟಿದೆ.